ಸಕ್ಕರೆ ಓದಿಸುವುದು

"ಹೋಗಿ ಸಕ್ಕರಿ ಓದಿಸ್ಕೊಂಡು ಬಾ" ಅಂತ ಅಜ್ಜಿ ನನ್ನ ಕೈಗೆ ಒಂದು ಪೊಟ್ಟಣ ಕೊಡುತ್ತಿದ್ದಳು. ಮೊಹರಂ ಹಬ್ಬದ ಐದನೇ ದಿನವೋ ಏಳನೇ ದಿನವೋ ಇರಬೇಕು. ಹಳೇ ಪೇಪರಿನ ಪೊಟ್ಟಣ, ಒಳಗೆ ಒಂದು ಹಿಡಿ ಸಕ್ಕರೆ, ಜೊತೆಗೆ ಎರಡು ಊದಿನಕಡ್ಡಿ. ನಾನು ಒಂದೇ ಉಸಿರಿಗೆ ಓಡುತ್ತಿದ್ದೆ. ಮೊಹರಂನಲ್ಲಿ ಕೂಡಿಸುವ ಅಲಾಯಿ ದೇವರ ಮುಂದೆ ಕೂತ, ಆ ದೇವರ ಸೇವೆ ಮಾಡುವ ಮುಜಾವರ್ ತಾತ ಪೊಟ್ಟಣ ಬಿಚ್ಚಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ ಏನೋ ಓದುತ್ತಿದ್ದರು. ಒಂದು ಚಿಟಿಕೆ ತೆಗೆದಿಟ್ಟುಕೊಂಡು, ನವಿಲುಗರಿಯ ಕಟ್ಟಿನಿಂದ ನನ್ನ ತಲೆ ಸವರಿ ವಾಪಸ್ ಕೊಡುತ್ತಿದ್ದರು.

ಬರುವ ದಾರಿಯಲ್ಲಿ ನಾನು ಪೊಟ್ಟಣ ಬಿಚ್ಚಿ ನೋಡುತ್ತಿದ್ದೆ. ಓದಿದರಲ್ಲ, ಇದರಲ್ಲಿ ಎಲ್ಲಿ ಬರೆದಿದೆ? ಬರೀ ಬಿಳೀ ಹರಳು. ಬಾಯಿಗೆ ಹಾಕಿಕೊಂಡರೆ ಮೊದಲಿನದೇ ರುಚಿ. ಆದರೆ ಮನೆಗೆ ತಂದುಕೊಟ್ಟರೆ ಅಜ್ಜಿ ಅದನ್ನು ಎರಡೂ ಕೈಯಲ್ಲಿ ತಗೊಳ್ಳುತ್ತಿದ್ದಳು. ಹೋಗುವಾಗ ಒಂದೇ ಕೈಯಲ್ಲಿ ಕೊಟ್ಟ ಸಕ್ಕರೆ ಅದು.

ನಮ್ಮೂರು ರಾಯಚೂರು ಜಿಲ್ಲೆಯ ಮುದಗಲ್ ಹತ್ತಿರ. ಮುದಗಲ್ ಕೋಟೆಯ ಮೊಹರಂ ದೊಡ್ಡದು, ಸುತ್ತಲಿನ ಜನವೆಲ್ಲ ಅಲ್ಲಿಗೆ ಹೋಗುತ್ತಾರೆ. ನಮ್ಮೂರಿನದು ಸಣ್ಣದು. ಆಗ ಇದ್ದದ್ದು ಒಂದೇ ಮುಸ್ಲಿಂ ಮನೆ, ಮುಜಾವರರದ್ದು. ಹಬ್ಬ ಮಾತ್ರ ಇಡೀ ಊರಿನದು. ಚಂದ್ರ ಕಂಡ ಮೇಲೆ ಗುದ್ದಲಿ ಹಾಕಿ ಬೆಂಕಿಯ ಕುಣಿ ತೋಡುವವರು ಒಬ್ಬರು, ಕಟ್ಟಿಗೆ ಕೊಡುವವರು ಇನ್ನೊಬ್ಬರು, ಹಲಗೆ ಬಡಿಯುವವರು ಮತ್ತೊಬ್ಬರು. ಪೆಟ್ಟಿಗೆಯಿಂದ ಅಂಗೈ ಆಕಾರದ ಲೋಹದ ಪಂಜಾ ತೆಗೆದು, ತೊಳೆದು, ಬಟ್ಟೆ ಉಡಿಸಿ ಕೂಡಿಸಿದರೆ ದೇವರು ಬಂದಂತೆ. ರಾತ್ರಿಯೆಲ್ಲ ಹೆಜ್ಜೆ ಕುಣಿತ, ರಿವಾಯತ್ ಅನ್ನುವ ಶೋಕದ ಪದ. ಮಕ್ಕಳಿಗೆ ಜಡ್ಡಾದರೆ "ಫಕೀರ ಮಾಡ್ತೀನಿ" ಅಂತ ಹರಕೆ. ಹಂಗೆ ಹುಟ್ಟಿದ್ದೇ ನಮ್ಮ ಕಡೆಯ ಫಕೀರಪ್ಪ, ಫಕೀರವ್ವ, ಹುಸೇನಪ್ಪ, ಇಮಾಮಪ್ಪ ಅನ್ನುವ ಹೆಸರುಗಳು. ಮೂರು ವರ್ಷದವನಿದ್ದಾಗ ನಾನೂ ಫಕೀರನಾಗಿದ್ದೆನಂತೆ. ಕೊರಳಲ್ಲಿ ಕೆಂಪು ಲಾಡಿ ಹಾಕಿಕೊಂಡು ಅಜ್ಜಿಯ ಕಂಕುಳಲ್ಲಿ ಐದು ಮನೆ ಬೇಡಿದ್ದೆನಂತೆ. ನನಗೆ ನೆನಪಿಲ್ಲ. ಅವಳಿಗೆ ಯಾವ ಮನೆಯವರು ಏನು ನೀಡಿದರು ಅನ್ನುವುದೂ ನೆನಪಿತ್ತು.

ಪ್ರವಾದಿಯ ಮೊಮ್ಮಗ ಹುಸೇನರು ತಮ್ಮವರೊಂದಿಗೆ ಮಡಿದ ಕರ್ಬಲಾದ ಕಥೆಯನ್ನು ಅಜ್ಜಿ ಪಕ್ಕದೂರಲ್ಲಿ ಹೋದ ವರ್ಷ ನಡೆದದ್ದು ಅನ್ನುವಂತೆ ಹೇಳುತ್ತಿದ್ದಳು. ಅದು ನಡೆದದ್ದು ಕ್ರಿ.ಶ. 680ರಲ್ಲಿ, ಈಗಿನ ಇರಾಕಿನಲ್ಲಿ. ಅದೆಲ್ಲ ಅವಳಿಗೆ ಗೊತ್ತಿರಲಿಲ್ಲ. ಅವಳ ಕಥೆಯಲ್ಲಿ ಯುದ್ಧದ ಮಾತು ಕಡಿಮೆ, ನೀರಿನ ಮಾತೇ ಜಾಸ್ತಿ. "ಹೊಳಿ ಕಣ್ಣಿಗಿ ಕಾಣತಿತ್ತಂತ. ಕುಡಿಯಾಕ ಬಿಡಲಿಲ್ಲಂತ. ಕೂಸು ನಾಲಿಗಿ ಹೊರಗ ಹಾಕಿತ್ತಂತ." ಇಷ್ಟು ಹೇಳಿ ಸುಮ್ಮನಾಗುತ್ತಿದ್ದಳು. ಹಬ್ಬದ ಹತ್ತೂ ದಿನ ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಹರವಿ ತುಂಬ ನೀರು, ಮೇಲೊಂದು ತಂಬಿಗೆ ಇರುತ್ತಿತ್ತು. ದಾರಿಯಲ್ಲಿ ಹೋಗುವ ಯಾರಾದರೂ ಕುಡಿಯಬಹುದು.

ಎಲ್ಲೋ ದೂರದ ಆ ದುಃಖ ನಮ್ಮ ಜನಕ್ಕೆ ಇಷ್ಟು ಹತ್ತಿರ ಆದದ್ದು ಹೇಗೆ ಅಂತ ನಾನು ತುಂಬ ಸಲ ಯೋಚಿಸಿದ್ದೇನೆ. ಆದಿಲ್‌ಶಾಹಿ ಆಳ್ವಿಕೆ, ನಿಜಾಮರ ಆಳ್ವಿಕೆ ಅಂತ ಇತಿಹಾಸದಲ್ಲಿ ಕಾರಣಗಳು ಸಿಗುತ್ತವೆ. ಅವು ನಿಜವೇ. ಆದರೆ ಇನ್ನೊಂದೂ ಇದೆ ಅನ್ನಿಸುತ್ತದೆ. ನಮ್ಮದು ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ಸೀಮೆ. ಮ್ಯಾಪಿನಲ್ಲಿ ನೋಡಿದರೆ ಎರಡೂ ಕಡೆ ನೀರು. ಆದರೆ ಅಜ್ಜಿ ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಮೈಲಿಗಟ್ಟಲೆ ನಡೆದವಳು. ಹೊಳೆ ಇದ್ದೂ ನೀರಿಲ್ಲ ಅನ್ನುವುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಸಕ್ಕರೆ ಓದಿಸಿ ತರಿಸುತ್ತಿದ್ದ ಈ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಅದು ನಮ್ಮ ಕಡೆ ದೊಡ್ಡ ಸಂಗತಿಯೇನಲ್ಲ. 1991ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲೇ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ 44 ಮಾತ್ರ. ನಮ್ಮ ಸೀಮೆಯಲ್ಲಿ ಇನ್ನೂ ಕಡಿಮೆ. ಆ ವರ್ಷಗಳಲ್ಲಿ ಸಾಕ್ಷರತಾ ಆಂದೋಲನ ಊರೂರಿಗೆ ಹಬ್ಬಿತು. 1992ರಲ್ಲಿ ನಮ್ಮ ಓಣಿಯ ಗುಡಿಯ ಪಡಸಾಲೆಯಲ್ಲೂ ಲಾಟೀನು ಹಚ್ಚಿ ಪಾಠ ಶುರುವಾಯಿತು. ಕಲಿಸುತ್ತಿದ್ದವಳು ಓಣಿಯ ಹುಡುಗಿಯೇ. ಸಂಬಳ ಇಲ್ಲ. ಮೂರು ಪುಸ್ತಕ, ಸುಮಾರು 200 ಗಂಟೆಯ ಪಾಠ.

ಆಂದೋಲನದ ಲೆಕ್ಕ 15ರಿಂದ 35 ವರ್ಷದವರದ್ದು. ಅಜ್ಜಿಗೆ ಆಗಲೇ ಐವತ್ತೈದು. "ನಿಮ್ಮ ಹೆಸರು ಪಟ್ಟಿಗಿ ಬರಂಗಿಲ್ಲ ಅಜ್ಜಿ" ಅಂದಳಂತೆ ಹುಡುಗಿ. "ಪಟ್ಟಿ ನಿನ್ನ ಹಂತ್ಯಾಕ ಇರಲಿ. ನಾ ಕುಂದ್ರಾಕ ಬಂದೀನಿ" ಅಂದಳಂತೆ ಇವಳು. ಮೊದಲ ವಾರ ಸುಮ್ನೆ ಕೂತಿದ್ದಳು. ಆಮೇಲೆ ಯಾರದೋ ಪಾಟಿ ಇಸಕೊಂಡಳು.

ರೊಟ್ಟಿ ಬಡಿದರೆ ಚಂದ್ರನಂಥ ದುಂಡು. ರಂಗೋಲಿ ಇಟ್ಟರೆ ಒಂದು ಗೆರೆ ಅಲುಗುತ್ತಿರಲಿಲ್ಲ. ಆದರೆ ಬಳಪ ಹಿಡಿದರೆ ಅದೇ ಕೈ ನಡುಗುತ್ತಿತ್ತು. ನಾನಾಗ ಮೂರನೇ ಕ್ಲಾಸು. ನನ್ನ ಒಂದನೇ ಕ್ಲಾಸಿನ ಹಳೇ ಪುಸ್ತಕ ತಂದುಕೊಟ್ಟೆ. ಅದರಲ್ಲಿ ಅ ಆ ಇ ಈ ಅಂತ ಸಾಲಾಗಿ ಕಲಿಸುತ್ತಿರಲಿಲ್ಲ. ರ, ಗ, ಸ, ದ, ಅ ಅಂತ ಶುರು. ಬಾಯಿಗೆ ಅದು ಅಷ್ಟು ಸಲೀಸಲ್ಲ, ಆದರೆ ಕೈಗೆ ಸಲೀಸು. ರ ಬರೆಯಲು ಬಂದರೆ ಆ ದುಂಡು ಮುಂದಿನ ಅಕ್ಷರಗಳಿಗೂ ಕೈ ಹಿಡಿಯುತ್ತದೆ. ಯಾರೋ ಮಕ್ಕಳ ಬೆರಳನ್ನು ನೋಡಿ, ಅದಕ್ಕೆ ಕನಿಕರಪಟ್ಟು ಮಾಡಿದ ಪಾಠ ಅದು.

ಹುಡುಗಿ ಪಾಟಿಯ ಮೇಲೆ ತೆಳ್ಳಗೆ ಬರೆದು ಕೊಡುತ್ತಿದ್ದಳು. ಅಜ್ಜಿ ಅದರ ಮೇಲೇ ತಿದ್ದುತ್ತಿದ್ದಳು. ದಿನಾ ಅದೇ. ತಿದ್ದುವುದು ಅಂದರೆ ನಮ್ಮಲ್ಲಿ ಎರಡು ಅರ್ಥ. ಬೇರೆಯವರು ಬರೆದಿಟ್ಟ ಗೆರೆಯ ಮೇಲೆ ಕೈ ಆಡಿಸುವುದೂ ತಿದ್ದುವುದೇ, ತಪ್ಪನ್ನು ಸರಿ ಮಾಡುವುದೂ ತಿದ್ದುವುದೇ. ಒಂದೇ ಮಾತು ಎರಡಕ್ಕೂ ಬಂದದ್ದು ನನಗೆ ಯಾವಾಗಲೂ ಸೋಜಿಗ. ಮೊದಲು ಇನ್ನೊಬ್ಬರ ಗೆರೆ ಹಿಡಿದು ಹೋಗಬೇಕು. ಹೋಗ್ತಾ ಹೋಗ್ತಾ ನಮ್ಮ ಕೈ ಸರಿಯಾಗುತ್ತದೆ. ಅಜ್ಜಿಯ ದೇವರೂ ಹಂಗೇ ಬಂದವನು. ಅವಳ ಅವ್ವ ಸಕ್ಕರೆ ಓದಿಸುತ್ತಿದ್ದಳು, ಹರವಿ ಇಡುತ್ತಿದ್ದಳು. ಇವಳು ಅದರ ಮೇಲೆ ತಿದ್ದಿದಳು. ನಂಬಿಕೆ ಯಾವಾಗ ಹುಟ್ಟಿತು ಅಂತ ಕೇಳಿದ್ದರೆ ಅವಳಿಗೆ ಪ್ರಶ್ನೆಯೇ ತಿಳಿಯುತ್ತಿರಲಿಲ್ಲ.

ಆದರೆ ಗೆರೆ ಯಾವಾಗಲೂ ಒಳ್ಳೆಯದೇ ಇರುತ್ತದೆ ಅನ್ನಲು ಆಗದು. ಇದನ್ನು ನಾನು ಅದೇ ಪಾಟಿಯ ಮುಂದೆ ಕಲಿತೆ. ರಾತ್ರಿ ಮನೆಯಲ್ಲಿ ಅವಳಿಗೆ ಪಾಠ ಹೇಳುವವನು ನಾನು. ಒಂದು ದಿನ ಗ ಬರೆಯಲು ಹೋಗಿ ಮತ್ತೆ ಮತ್ತೆ ರ ಬರೆದಳು. ನಾನು ಬಳಪ ಕಸಿದುಕೊಂಡು, "ತಲೀಯಾಗ ಏನು ಸಗಣಿ ತುಂಬೈತೇನು? ಮತ್ತ ಬರಿ!" ಅಂತ ಕೂಗಿದೆ. ಅಂಗೈ ಚಾಚು ಅಂತ ಕಣ್ಣಲ್ಲೇ ಹೇಳಿದೆ. ಅಜ್ಜಿ ನಿಜವಾಗಿಯೂ ಅಂಗೈ ಚಾಚಿದಳು. ಹೊಡೆಯಲಿಲ್ಲ, ಅಷ್ಟೊತ್ತಿಗೆ ನನಗೇ ಹೆದರಿಕೆಯಾಯಿತು. ಅವಳು ಕೈ ಹಿಂದೆ ತಗೊಂಡು ಮೆಲ್ಲಗೆ ಕೇಳಿದಳು: "ಸಾಲ್ಯಾಗ ನಿನಗ ಹಿಂಗ ಬೈತಾರೇನಪ್ಪಾ?"

ನಾನು ಹೌದು ಅಂದೆ. ಅತ್ತುಬಿಟ್ಟೆ. ಶಾಲೆಯ ವಿಷಯ ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಮಾತು, ಆ ದನಿ, ಬಳಪ ಕಸಿಯುವ ರೀತಿ, ಎಲ್ಲವೂ ನನಗೆ ಕಲಿಸಿದವರದ್ದೇ. ಅಕ್ಷರದ ಜೊತೆಗೆ ಅದನ್ನೂ ತಿದ್ದಿಕೊಂಡಿದ್ದೆ, ಗೊತ್ತೇ ಇಲ್ಲದೆ. ಈಗ ಯಾರಾದರೂ ಇನ್ನೊಂದು ಜಾತಿಯವರ ಬಗ್ಗೆ, ಇನ್ನೊಂದು ಧರ್ಮದವರ ಬಗ್ಗೆ ಕಹಿ ಮಾತಾಡಿದಾಗ ನನಗೆ ಆ ರಾತ್ರಿ ನೆನಪಾಗುತ್ತದೆ. ಈ ಮಾತು ಇವರದ್ದಲ್ಲ, ಯಾರೋ ಬರೆದುಕೊಟ್ಟದ್ದು ಅನ್ನಿಸುತ್ತದೆ. ಹಾಗಂತ ಸಿಟ್ಟು ಬರುವುದಿಲ್ಲ ಅಂತಲ್ಲ. ಬರುತ್ತದೆ. ಆದರೆ ಅಜ್ಜಿ ಕೇಳಿದ ಪ್ರಶ್ನೆಯನ್ನೂ ಕೇಳಬೇಕು ಅನ್ನಿಸುತ್ತದೆ.

ಹೆಸರು ಬರೆಯಲು ಅವಳಿಗೆ ಎರಡು ತಿಂಗಳು ಹಿಡಿಯಿತು. ನಡುವೆ ಜುಲೈನಲ್ಲಿ ಮೊಹರಂ ಬಂದು ಹತ್ತು ದಿನ ಪಾಠ ತಪ್ಪಿತು. ಮರಳಿ ಕೂತಾಗ ಕಲಿತದ್ದೆಲ್ಲ ಮರೆತಿತ್ತು. "ನನಗ ವಿದ್ಯೆ ಒಲಿಯೂದಿಲ್ಲ ಬಿಡಪ್ಪಾ" ಅಂದಳು.

ಒಲಿಯುವುದು. ಈ ಮಾತಿನ ಹಿಂದೆ ನಾನು ಬಹಳ ವರ್ಷ ಬಿದ್ದಿದ್ದೇನೆ. ವಿದ್ಯೆ ಒಲಿಯಿತು ಅನ್ನುತ್ತೇವೆ. ಸಂಗೀತ ಒಲಿಯಿತು ಅನ್ನುತ್ತೇವೆ. ದೇವರು ಒಲಿದ ಅನ್ನುತ್ತೇವೆ. ಪ್ರೀತಿಸಿದ ಹುಡುಗಿ ಒಲಿದಳು ಅನ್ನುತ್ತೇವೆ. ಎಲ್ಲಕ್ಕೂ ಒಂದೇ ಮಾತು. ಅಷ್ಟೇ ಅಲ್ಲ, ಇದರಲ್ಲಿ ನಾವು ಮಾಡುವುದು ಏನೂ ಇಲ್ಲ. ನಾನು ಒಲಿಸಿಕೊಳ್ಳಲು ಓಡಾಡಬಹುದು, ಹರಕೆ ಹೊರಬಹುದು, ರಾತ್ರಿಯೆಲ್ಲ ತಿದ್ದಬಹುದು. ಒಲಿಯುವುದು ಮಾತ್ರ ಆ ಕಡೆಯಿಂದ ಬರಬೇಕು. ನನ್ನ ಅನುಭವದಲ್ಲಿ ಮನುಷ್ಯ ಎಡವುವುದೇ ಇಲ್ಲಿ. ಇಷ್ಟು ಮಾಡಿದೆನಲ್ಲ, ಇನ್ನು ನೀನು ಒಲಿಯಲೇಬೇಕು ಅನ್ನುತ್ತಾನೆ. ಮಕ್ಕಳಿಗೆ ಅನ್ನುತ್ತಾನೆ, ಹೆಂಡತಿಗೆ ಅನ್ನುತ್ತಾನೆ, ದೇವರಿಗೂ ಅನ್ನುತ್ತಾನೆ. ನಾನೂ ಅಂದಿದ್ದೇನೆ. ಅಜ್ಜಿ ಒಲಿಯುವುದಿಲ್ಲ ಅಂದಳೇ ಹೊರತು ಪಾಟಿ ಇಡಲಿಲ್ಲ. ಮಾರನೇ ದಿನ ಮತ್ತೆ ರ ದಿಂದ ಶುರು ಮಾಡಿದಳು. ದೀಪಾವಳಿ ಹೊತ್ತಿಗೆ ಬಸ್ಸಿನ ಬೋರ್ಡು ಓದುತ್ತಿದ್ದಳು.

ಅಜ್ಜ ಆಗಲೇ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಕೆಲವು ವರ್ಷ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ದುಡಿದಿದ್ದ. ಆಗ ನಮ್ಮ ಕಡೆಯ ಎಷ್ಟೋ ಜನ ಗಿರಣಿ ಅಂದರೆ ಸೊಲ್ಲಾಪುರ ಅನ್ನುತ್ತಿದ್ದರು. ಅಲ್ಲಿಂದ ಕಾರ್ಡು ಬರೆಸುತ್ತಿದ್ದ. ಅವನಿಗೂ ಬರೆಯಲು ಬಾರದು, ಜೊತೆಯವರು ಬರೆಯುತ್ತಿದ್ದರು. ಇಲ್ಲಿ ಊರಿನ ಯಾರೋ ಓದಿ ಹೇಳುತ್ತಿದ್ದರು. ಗಂಡ ಹೆಂಡತಿ ನಡುವೆ ಎರಡು ಬೇರೆ ಬಾಯಿ. ಎಮ್ಮೆ ಹೆಂಗಿದೆ, ಮಳೆ ಬಂತೇ, ಅವ್ವನ ಕೆಮ್ಮು ಕಡಿಮೆಯಾಯಿತೇ. ಅಷ್ಟು ಬಿಟ್ಟು ಇನ್ನೇನು ಕೇಳಲು ಸಾಧ್ಯ? ಮೂರನೆಯವರ ಎದುರು ಪ್ರೀತಿ ಎಮ್ಮೆಯ ಹೆಸರು ಹೇಳಿಕೊಂಡೇ ಬರಬೇಕು.

ಟ್ರಂಕಿನ ತಳದಲ್ಲಿ ಹನ್ನೊಂದು ಕಾರ್ಡು ಇದ್ದವು. ಅಕ್ಷರ ಕಲಿತ ಮೇಲೆ ಅಜ್ಜಿ ಅವನ್ನು ತಾನೇ ಓದಿದಳು. ಒಂದು ಕಾರ್ಡಿಗೆ ಒಂದು ಸಂಜೆ. ಹೊಸದೇನೂ ಸಿಗಲಿಲ್ಲ. ಮೂವತ್ತು ವರ್ಷದ ಹಿಂದೆ ಕಿವಿಯಲ್ಲಿ ಕೇಳಿದ್ದೇ ಅಲ್ಲಿತ್ತು. ಆದರೆ ಪ್ರತಿ ಕಾರ್ಡಿನ ಕೊನೆಗೂ "ವಿಶ್ವಾಸ ಇರಲಿ" ಅಂತ ಇತ್ತು. ಓದಿ ಹೇಳುತ್ತಿದ್ದವರು ಅದನ್ನು ಮಾಮೂಲು ಮಾತು ಅಂತ ಬಿಟ್ಟಿರಬೇಕು. "ಹಂಗಂದ್ರೇನು? ನನ್ನ ನಂಬು ಅಂತೇನು?" ಅಂತ ಕೇಳಿದಳು. ನಾನು ಅಪ್ಪನನ್ನು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ನಂಬಿಕಿನೂ ಹೌದು, ಪ್ರೀತಿನೂ ಹೌದು" ಅಂದರು.

ಅದು ನಿಜ ಅಲ್ವಾ? ಯಾರಾದರೂ ಚೆನ್ನಾಗಿ ಮಾತಾಡಿಸಿದರೆ "ಬಹಳ ವಿಶ್ವಾಸದಿಂದ ಮಾತಾಡಿಸಿದರು" ಅನ್ನುತ್ತೇವೆ. ಅಲ್ಲಿ ನಂಬಿಕೆಯ ಮಾತೇ ಇಲ್ಲ, ಬರೀ ಅಕ್ಕರೆ. ದೊಡ್ಡವನಾದ ಮೇಲೆ ನನಗೆ ಒಂದು ಅನುಮಾನ ಬಂತು. ಅದು ಕಾರ್ಡು ಬರೆದುಕೊಟ್ಟವರ ರೂಢಿಯ ಸಾಲು ಇರಬಹುದು, ಎಲ್ಲರ ಕಾರ್ಡಿಗೂ ಅದನ್ನೇ ಬರೆದಿರಬಹುದು. ಅಜ್ಜಿಗೆ ಇದನ್ನು ನಾನು ಯಾವತ್ತೂ ಹೇಳಲಿಲ್ಲ. ಹೇಳದೆ ಇದ್ದದ್ದು ಸರಿಯೇ ಅಂತ ಈಗಲೂ ನಂಬಿದ್ದೇನೆ. ಆ ಸಾಲನ್ನು ಬರೆದವರು ಯಾರೇ ಆಗಲಿ, ಅದನ್ನು ಅಂಚೆಗೆ ಹಾಕಿದವನು ಅಜ್ಜ.

ಎಲ್ಲ ಕಡೆ ಇಷ್ಟು ತಾಳ್ಮೆ ನನಗಿರಲಿಲ್ಲ. 2003ರ ಮಾರ್ಚ್. ನಾನು ಇಂಜಿನಿಯರಿಂಗ್ ಓದುತ್ತಿದ್ದೆ. ಮೊಹರಂಗೆ ಊರಿಗೆ ಬಂದೆ. ಹಬ್ಬದ ದೊಡ್ಡ ರಾತ್ರಿಯಾದ ಖತಲ್ ರಾತ್ರಿ ಜನ ಕೆಂಡ ಹಾಯ್ದರು. ಮನೆಗೆ ಬಂದು ನಾನು ಎಲ್ಲರ ಮುಂದೆ ಭಾಷಣ ಮಾಡಿದೆ. ಇದ್ದಿಲಿನ ಕೆಂಡ ಶಾಖವನ್ನು ಬೇಗ ದಾಟಿಸುವುದಿಲ್ಲ, ಮೇಲೆ ಬೂದಿಯ ಪದರ ಇರುತ್ತದೆ, ಕಾಲು ತಗಲುವುದು ಒಂದು ಕ್ಷಣ, ಅದಕ್ಕೇ ಸುಡುವುದಿಲ್ಲ, ಇದರಲ್ಲಿ ದೇವರು ಎಲ್ಲಿದ್ದಾನೆ ಅಂತ. ನಾನು ಹೇಳಿದ ವಿಜ್ಞಾನ ಸರಿಯಾಗಿಯೇ ಇತ್ತು. ಇವತ್ತೂ ಅದರ ಒಂದು ಮಾತನ್ನೂ ಹಿಂದೆ ತಗೊಳ್ಳುವುದಿಲ್ಲ.

ಅಜ್ಜಿ ಪೂರ್ತಿ ಕೇಳಿದಳು. "ಕೆಂಡ ಸುಡತೈತೋ ಇಲ್ಲೋ ನನಗ ಗೊತ್ತಿಲ್ಲೇನು? ಹುಟ್ಟಿದಾಗಿಂದ ಒಲಿ ಮುಂದ ಕುಂತೀನಿ" ಅಂದಳು. ಆಮೇಲೆ, "ಒಬ್ಬನ ಕೈ ಒಬ್ಬ ಹಿಡದು ಹಾಯ್ತಾರ. ಅದನ್ನ ನೋಡಲಿಲ್ಲೇನು ನೀನು?" ಅಂದಳು.

ನೋಡಿರಲಿಲ್ಲ. ಎರಡು ತಾಸು ಅಲ್ಲೇ ನಿಂತಿದ್ದೆ. ಕಾಲು ನೋಡಿದ್ದೆ, ಕೆಂಡ ನೋಡಿದ್ದೆ. ಹೊಲದ ಬದುವಿಗಾಗಿ ಕೋರ್ಟಿಗೆ ಹೋಗಿದ್ದ ಅಣ್ಣತಮ್ಮಂದಿರು ಆ ರಾತ್ರಿ ಕೈ ಹಿಡಿದು ಹಾಯ್ದಿದ್ದರು ಅಂತ ಮರುದಿನ ಅಪ್ಪ ಹೇಳಿದರು. ಅವರ ಕೇಸು ಆಮೇಲೂ ನಡೆಯಿತು. ಹಬ್ಬ ಮನುಷ್ಯರನ್ನು ಬದಲಾಯಿಸಿಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ದೇವರನ್ನು ಹೊರುವ ಸರದಿ ಯಾರದ್ದು ಅಂತ ಅದೇ ಹಬ್ಬದಲ್ಲಿ ಹೊಡೆದಾಡಿದ್ದನ್ನೂ ಕಂಡಿದ್ದೇನೆ. ನನ್ನ ನೋವು ಬೇರೆ. ಓದಿದ್ದು ನನಗೆ ಒಂದನ್ನು ತೋರಿಸಿತು, ಆದರೆ ಅದನ್ನು ಹೇಳುವ ಆತುರದಲ್ಲಿ ಇನ್ನೊಂದು ನನ್ನ ಕಣ್ಣಿಗೇ ಬೀಳಲಿಲ್ಲ.

ಅದೇ ರಜೆಯಲ್ಲಿ ಅವಳನ್ನು ಮಸ್ಕಿಗೆ ಕರೆದುಕೊಂಡು ಹೋದೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಅದಕ್ಕೆ ಬಸ್ಸು ಹತ್ತಿಸಿದೆ ಅಂತ ಕಾಣುತ್ತದೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಇದೆ. 1915ರಲ್ಲಿ ಬೀಡನ್ ಅನ್ನುವ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ರಾಜನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಮಾತ್ರ ಕರೆದಿತ್ತು. ಅಶೋಕ ಅನ್ನುವ ಹೆಸರು ನಮ್ಮ ಈ ಬಂಡೆಯ ಮೇಲೆ ಸಿಕ್ಕಿತು. ಅಜ್ಜಿ ಅದರ ಮುಂದೆ ಬಹಳ ಹೊತ್ತು ನಿಂತಳು. "ಏನು ಬರದೈತಿ, ಓದು" ಅಂದಳು.

"ನನಗ ಬರಂಗಿಲ್ಲ ಅಜ್ಜಿ. ಇದು ಬ್ರಾಹ್ಮಿ ಲಿಪಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಂಡೆಯ ಕಡೆ ತಿರುಗಿ, ಬೆರಳೆತ್ತಿ, ಒಂದು ಅಕ್ಷರದ ಗೆರೆಯನ್ನು ಗಾಳಿಯಲ್ಲೇ ತಿದ್ದಿದಳು. ಇನ್ನೊಂದನ್ನು ತಿದ್ದಿದಳು. ನಾನೂ ತಿದ್ದಿದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಗೆರೆ. ಅದನ್ನು ಓದುವ ವಿದ್ಯೆ ಎಷ್ಟೋ ಶತಮಾನ ಕಳೆದುಹೋಗಿತ್ತು, 1837ರ ಹೊತ್ತಿಗೆ ಮತ್ತೆ ಒಲಿಯಿತು. ಧರ್ಮದಲ್ಲಿ ನಡೆದರೆ ಸಣ್ಣವರೂ ಈ ಗುರಿ ಮುಟ್ಟಬಹುದು, ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ ಅನ್ನುವುದು ಅದರ ಸಾರ. ಅದು ನನಗೆ ಆಮೇಲೆ ಪುಸ್ತಕದಲ್ಲಿ ಸಿಕ್ಕಿತು. ಓದಿ ಹೇಳಿದಾಗ ಅಜ್ಜಿ, "ಅಷ್ಟು ಹೇಳಾಕ ಕಲ್ಲು ಕಡದಾರ. ಪಾಪ, ಎಷ್ಟು ಕಾಳಜಿ ಇದ್ದಿರಬೇಕು" ಅಂದಳು.

ಮೊಹರಂ ಚಂದ್ರನ ಲೆಕ್ಕದ ಹಬ್ಬ. ಚಂದ್ರನ ವರ್ಷಕ್ಕೆ 354 ದಿನ. ಅದಕ್ಕೇ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಮಳೆಗಾಲ, ಬೇಸಿಗೆ, ಚಳಿ ಎಲ್ಲವನ್ನೂ ಸುತ್ತುತ್ತದೆ. 2009ರಲ್ಲಿ ಒಂದೇ ವರ್ಷ ಎರಡು ಸಲ ಬಂತು, ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಒಮ್ಮೆ. ಮೊದಲನೆಯದಕ್ಕೆ ಅಜ್ಜಿ ಇದ್ದಳು. ಎರಡನೆಯದಕ್ಕೆ ಇರಲಿಲ್ಲ.

ಒಂದು ಸುತ್ತು ಮುಗಿಯಲು ಸುಮಾರು 33 ವರ್ಷ ಬೇಕು. ಅಜ್ಜಿ ಹೆಸರು ಬರೆಯಲು ಕಲಿತ ವರ್ಷ ಜುಲೈನಲ್ಲಿ ಬಂದಿದ್ದ ಹಬ್ಬ 2025ರಲ್ಲಿ ಮತ್ತೆ ಜುಲೈಗೆ ಬಂತು. ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಹೆಜ್ಜೆ ಮೇಳದಲ್ಲಿ ಹುಡುಗರು ಕಡಿಮೆ, ಎಲ್ಲ ದುಡಿಯಲು ಬೆಂಗಳೂರು, ಪುಣೆ ಸೇರಿದ್ದಾರೆ. ಇದು ನಮ್ಮ ಹಬ್ಬ ಅಲ್ಲ ಅನ್ನುವ ಮಾತು ಆಗ ಇರಲಿಲ್ಲ. ಈಗ ಎರಡೂ ಕಡೆ ಕೇಳಿಸುತ್ತದೆ. ನನಗೆ ಅದು ತುಂಬ ನೋವಿನ ಸಂಗತಿ. ಆದರೂ ಕುಣಿ ತೋಡಿದ್ದರು. ನಮ್ಮ ಕಟ್ಟೆಯ ಮೇಲೆ ಅವ್ವ ಹರವಿ ಇಟ್ಟಿದ್ದಳು.

ಮಗಳ ಕೈಗೆ ಸಕ್ಕರೆ ಪೊಟ್ಟಣ ಕೊಟ್ಟೆ. "ಇದನ್ನು ಹೇಗೆ ಓದ್ತಾರೆ ಅಪ್ಪಾ?" ಅಂತ ಕೇಳಿದಳು. ಬಾ ನೋಡು ಅಂದೆ. ಈಗ ಕೂರುವವರು ಆ ತಾತನ ಮಗ. ಅವರ ಗಡ್ಡವೂ ಬೆಳ್ಳಗಾಗಿದೆ. ಪೊಟ್ಟಣ ಬಿಚ್ಚಿ, ಕಣ್ಣು ಮುಚ್ಚುವ ಮೊದಲು ತಲೆ ಎತ್ತಿ ಕೇಳಿದರು: "ಯಾರ ಹೆಸರಿಲೆ?"

ನನಗೆ ತಕ್ಷಣ ಮಾತು ಬರಲಿಲ್ಲ. ಬದುಕಿರುವವರೆಗೆ ನಾನು ಅವಳನ್ನು ಅಜ್ಜಿ ಅಂತಲೇ ಕರೆದವನು. ಹೆಸರು ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ಕಣ್ಣ ಮುಂದೆ ಪಾಟಿ ಬಂತು, ಅದರ ಮೇಲೆ ಅಡ್ಡಾದಿಡ್ಡಿ ನಾಲ್ಕು ಅಕ್ಷರ ಬಂದವು. ಒಂದೊಂದಾಗಿ ಓದಿ ಹೇಳಿದೆ. ಅವರು ಅದನ್ನು ತುಟಿಯಲ್ಲೇ ಒಮ್ಮೆ ತಿರುಗಿ ಹೇಳಿಕೊಂಡು, ಕಣ್ಣು ಮುಚ್ಚಿದರು.